ಸೂಪರ್‌ಹೀರೋಗೆ ಮದುವೆ ಮಾಡಿಸುವುದು ಹೇಗೆ: ಮಲೆನಾಡಿನ ಕಾಮಿಕ್ಸ್ ಬರೆಯುವವರಿಗೆ

ನಾಯಕನಿಗೆ ಮದುವೆಯಾದರೆ ಕಥೆಯ ರಸ ಬತ್ತುತ್ತದೆ ಎಂಬ ಭಯ ಕಾಮಿಕ್ಸ್ ಪ್ರಕಾಶಕರಲ್ಲಿ ಹಳೆಯದು. ಸೂಪರ್‌ಮ್ಯಾನ್, ಅವನ ಪ್ರೇಯಸಿ ಲೋಯಿಸ್ ಲೇನ್ ಇಬ್ಬರೂ 1938ರ ಒಂದೇ ಸಂಚಿಕೆಯಲ್ಲಿ ಹುಟ್ಟಿದರು. ಮುಖ್ಯ ಕಥಾಸರಣಿಯಲ್ಲಿ ಅವರ ಮದುವೆಯಾದದ್ದು 1996ರಲ್ಲಿ. 2011ರಲ್ಲಿ ಅದನ್ನು ಅಳಿಸಿದರು, ಕೆಲವೇ ವರ್ಷಗಳಲ್ಲಿ ಮತ್ತೆ ತಂದರು. ಸ್ಪೈಡರ್‌ಮ್ಯಾನ್ 1987ರಲ್ಲಿ ಮೇರಿ ಜೇನ್‌ಳ ಕೈಹಿಡಿದ. 2007ರಲ್ಲಿ ತನ್ನನ್ನು ಸಾಕಿದ ದೊಡ್ಡಮ್ಮ ಮೇಯ ಜೀವ ಉಳಿಸಲು ಮೆಫಿಸ್ಟೋ ಎಂಬ ದೆವ್ವಕ್ಕೆ ಆ ಮದುವೆಯನ್ನೇ ಒಪ್ಪಿಸಿದ. ಗಂಡಹೆಂಡಿರ ನಡುವೆ ಏನೂ ಕೆಟ್ಟಿರಲಿಲ್ಲ, ಓದುಗರು ಸಿಟ್ಟಾದದ್ದು ಅದಕ್ಕೇ. ಇತ್ತ ಫ್ಯಾಂಟಮ್ 1977ರಲ್ಲಿ ಡಯಾನಾಳನ್ನು ಮದುವೆಯಾಗಿ, ಅವಳಿ ಮಕ್ಕಳ ತಂದೆಯಾಗಿಯೂ ಕಾಡಿನ ಕೆಲಸ ಬಿಡಲಿಲ್ಲ.

ಮೊದಲು ಹುಡುಗಿಯ ಕಸುಬು ಗೊತ್ತುಮಾಡಿ. ನಾಯಕ ಸಾಗರದ ಕಡೆಯ ಅಡಿಕೆ ತೋಟದವನು ಎಂದಿಟ್ಟುಕೊಳ್ಳಿ. ಅವಳು ಲಿಂಗನಮಕ್ಕಿ ಅಣೆಕಟ್ಟೆಯ ಇಂಜಿನಿಯರ್ ಆಗಿರಲಿ. ಜಲಾಶಯ ತುಂಬುವುದು 1819 ಅಡಿಗೆ. ನೀರು ಅಲ್ಲಿಗೆ ಯಾವಾಗ ಮುಟ್ಟುತ್ತದೆ, ಗೇಟು ಎಷ್ಟು ಎತ್ತಬೇಕು ಎಂಬ ಲೆಕ್ಕ ಅವಳದು. ಅವನಿಗಿರುವುದು ತೋಳಿನ ಬಲ ಮಾತ್ರ. ಸ್ಕ್ರಿಪ್ಟ್ ಮುಗಿದ ಮೇಲೆ ಅವಳ ಮಾತು, ಕೆಲಸ ಎಲ್ಲ ಹೊಡೆದುಹಾಕಿ ಓದಿ. ಆಗಲೂ ಕಥೆ ಎಡವದೆ ನಡೆದರೆ ಅವಳ ಪಾತ್ರ ಇನ್ನೂ ಹುಟ್ಟಿಲ್ಲ ಎಂದೇ ಅರ್ಥ, ಮತ್ತೆ ಬರೆಯಿರಿ. ನಾಯಕನಿಗೆ ರೋಷ ಬರಿಸಲು ಅವಳನ್ನು ಕೊಲ್ಲಬೇಡಿ. 1994ರ ಗ್ರೀನ್ ಲ್ಯಾಂಟರ್ನ್ ಕಥೆಯಲ್ಲಿ ನಾಯಕನ ಪ್ರೇಯಸಿಯ ಹೆಣವನ್ನು ಫ್ರಿಜ್ಜಿನಲ್ಲಿಟ್ಟಿದ್ದರು. ಇಂಥ ಸಾವುಗಳಿಗೆಲ್ಲ ಫ್ರಿಜ್ಜಿನ ಹೆಸರೇ ಅಂಟಿಕೊಂಡಿತು.

ತಾನೇ ಸೂಪರ್‌ಹೀರೋ ಎಂಬ ನಾಯಕನ ಗುಟ್ಟು ಮದುವೆಗೆ ಮೊದಲೇ ಅವಳಿಗೆ ಬಯಲಾಗಲಿ. ಕ್ಲಾರ್ಕ್ ಎಂಬ ಹೆಸರಲ್ಲಿ ಬದುಕುವ ಸೂಪರ್‌ಮ್ಯಾನ್ ಲೋಯಿಸ್‌ಗೆ ನಿಜ ಹೇಳಿದ್ದು 1991ರ ಸಂಚಿಕೆಯಲ್ಲಿ, ಮದುವೆಗೆ 5 ವರ್ಷ ಮುಂಚೆ. ತಾಳಿ ಕಟ್ಟಿದ ಮೇಲೂ ಮುಚ್ಚಿಟ್ಟರೆ ಅವನು ಮೋಸಗಾರನಾಗಿ ಕಾಣುತ್ತಾನೆ, ಅಥವಾ ಒಂದೇ ಮನೆಯಲ್ಲಿದ್ದೂ ಏನೂ ತಿಳಿಯದ ಅವಳು ದಡ್ಡಿಯಾಗಿ ಕಾಣುತ್ತಾಳೆ.

ಮದುವೆ ಸಂಚಿಕೆ 22 ಪುಟದ್ದಾದರೆ ಹೀಗೆ ಹಂಚಬಹುದು: ಹಿಂದಿನ ದಿನದ ಚಪ್ಪರ, ನೆಂಟರು, ಅಡಿಗೆಗೆ 6 ಪುಟ, ಅಪಾಯಕ್ಕೆ 9, ಮುಹೂರ್ತಕ್ಕೆ 5, ಕೊನೆಯ 2 ಪುಟ ಅವರಿಬ್ಬರಿಗೇ. ಚಪ್ಪರಕ್ಕೇ ಖಳರು ನುಗ್ಗುವ ದೃಶ್ಯ 1965ರಲ್ಲಿ ಫೆಂಟಾಸ್ಟಿಕ್ ಫೋರ್ ತಂಡದ ಇಬ್ಬರ ಮದುವೆಯಲ್ಲೇ ಆಗಿಹೋಗಿದೆ. ನಿಮ್ಮಲ್ಲಿ ಘಾಟಿಯ ಧರೆ ಕುಸಿದು ದಿಬ್ಬಣ ಆ ಕಡೆ ಸಿಕ್ಕಿಬೀಳಲಿ. ಮುಖಪುಟದಲ್ಲಿ ಮದುವೆ ಎಂದು ಹಾಕಿದರೆ ಒಳಗೆ ಮದುವೆ ಆಗಲೇಬೇಕು. 2018ರಲ್ಲಿ ಬ್ಯಾಟ್‌ಮ್ಯಾನ್ ಸರಣಿಯ 50ನೇ ಸಂಚಿಕೆಯಲ್ಲಿ ಕ್ಯಾಟ್‌ವುಮನ್ ಮದುವೆಗೆ ನಿಲ್ಲದೆ ಹೊರಟುಹೋದಾಗ ಬಹಳ ಓದುಗರಿಗೆ ನಿರಾಸೆಯಾಯಿತು.

ಮಾತಿನ ಬಲೂನಿಗೆ 12ರಿಂದ 15 ಪದ ಸಾಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಹಾಗಾಗಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಪ್ರೀತಿಸುವಾಗ ಹೆಸರು ಹಿಡಿದು ಕರೆಯುತ್ತಿದ್ದವಳು ಅತ್ತೆಯ ಎದುರು "ರೀ" ಎನ್ನಲಿ, ಇಬ್ಬರೇ ಇದ್ದಾಗ ಮತ್ತೆ ಹೆಸರೇ ಬರಲಿ. ಅಷ್ಟರಲ್ಲೇ ಸಲಿಗೆ ಗೊತ್ತಾಗುತ್ತದೆ, ವಿವರಣೆಯ ಪೆಟ್ಟಿಗೆ ಬೇಡ.

ಮದುವೆಯಾದ ಮೇಲೆ ಹಂಬಲ ಉಳಿಸಲು ಡೈವೋರ್ಸೂ ಬೇಡ, ದೆವ್ವವೂ ಬೇಡ. ನಮ್ಮಲ್ಲಿ ಆಷಾಢ ಇದೆ! ವೈಶಾಖದಲ್ಲಿ ಮದುವೆ ಇಟ್ಟುಕೊಳ್ಳಿ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಆಗ ಮಳೆ ಜೋರು, ಹೊಳೆ ತುಂಬಿರುತ್ತದೆ, ಕರೆಂಟಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ. ನಾಯಕನಿಗೆ ಕೈತುಂಬಾ ಕೆಲಸ. ಅವಳ ಡ್ಯೂಟಿ ಮಾತ್ರ ತಪ್ಪುವುದಿಲ್ಲ. ಅತ್ತೆಮನೆಯ ಹೊಸ್ತಿಲು ದಾಟದೆ ಇಬ್ಬರೂ ಸಂಧಿಸುವುದು ಅಣೆಕಟ್ಟೆಯ ಮೇಲೆ, ನಡುರಾತ್ರಿ, ಗೇಟು ಎತ್ತುವ ಹೊತ್ತಿಗೆ. ಇಬ್ಬರನ್ನು ಅಗಲಿಸಿಯೂ ಸಂಬಂಧ ಕೆಡಿಸದ ಇಂಥ ಅನುಕೂಲ ಅಮೆರಿಕದ ಬರಹಗಾರರಿಗೆ ಇರಲಿಲ್ಲ. ಇದನ್ನು ಒಂದೇ ಪುಟದಲ್ಲಿ ಮುಗಿಸಬೇಡಿ, 3 ಸಂಚಿಕೆ ಕೊಡಿ.

ಮಗು ಹುಟ್ಟಿಸುವ ಮುಂಚೆ ಕಥೆಯ ಕಾಲ ಲೆಕ್ಕ ಹಾಕಿ. ಮಗು ಬೆಳೆದರೆ ಅಪ್ಪಅಮ್ಮನಿಗೂ ವಯಸ್ಸಾಗಬೇಕು. ಒಂದು ಅಡಿಕೆ ಕೊಯ್ಲಿನಿಂದ ಮುಂದಿನ ಕೊಯ್ಲಿಗೆ ಎಷ್ಟು ಸಂಚಿಕೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು, ಆಮೇಲೆ ತೊಟ್ಟಿಲು ಬರೆಯಿರಿ.