ಬಿಲ್ಬಿ, ಬೆಂಕಿ, ಕಡಲಾಮೆ: ಕರಜರ್ರಿ ನೆಲದಲ್ಲಿ ನನ್ನ ಕೆಲಸ

ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಕರಜರ್ರಿ ಜನರ ನೆಲದಲ್ಲಿ ನಾನು ಮಾಡಿದ ಮೊದಲ ಕೆಲಸ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದು. ಕ್ಯಾಮೆರಾ ಕಟ್ಟೋದು, ಬಿಲ ಹುಡುಕೋದು ಎಲ್ಲ ಆಮೇಲೆ. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅನ್ನೋದನ್ನು ಅಲ್ಲಿನ ಹಿರಿಯರು ಹೇಳುತ್ತಾರೆ. ಸಿಕ್ಕ ಮಾಹಿತಿ ಸಮುದಾಯದ್ದು. ಪವಿತ್ರ ಜಾಗಗಳ ಗುರುತು ಯಾವ ನಕ್ಷೆಯಲ್ಲೂ ಕಾಣಬಾರದು. ಒಂದು ಫೋಟೋ ಹೊರಗೆ ಹೋಗಬೇಕಾದರೂ ಕೇಳಬೇಕು. ಒಪ್ಪಂದದಲ್ಲಿ ಇದ್ದದ್ದು ಇಷ್ಟು. ನನ್ನ ಜೊತೆ ಓದಿದವರಲ್ಲಿ ಕೆಲವರಿಗೆ ಇಂಥದ್ದು ಕಿರಿಕಿರಿ. ನನಗೆ ಇದು ತುಂಬಾ ಅನುಕೂಲವಾಯಿತು. ಯಾರನ್ನು ಕೇಳಬೇಕು ಅನ್ನೋದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೇ ಅಲ್ವಾ?

ಜಾಗ ಎಲ್ಲಿ ಅಂತ ಹೇಳಿಬಿಡುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 180 ಕಿಲೋಮೀಟರ್ ಹೋದರೆ ಬಿದ್ಯಡಂಗ ಅನ್ನೋ ಊರು. ಆ ರಾಜ್ಯದ ದೂರದ ಮೂಲನಿವಾಸಿ ಊರುಗಳಲ್ಲಿ ಇದೇ ದೊಡ್ಡದು. ಕರಜರ್ರಿ, ಜುವಾಲಿನಿ, ಮಂಗಲ, ನ್ಯಾಂಗುಮಾರ್ತ, ಯುಲ್ಪರಿಜ ಎಂಬ ಐದು ಭಾಷೆಗಳ ಜನ ಇಲ್ಲಿದ್ದಾರೆ. ನೆಲ ಕರಜರ್ರಿಯವರದು. ಉಳಿದವರಲ್ಲಿ ಅನೇಕರ ಕುಟುಂಬಗಳು ಕಳೆದ ಶತಮಾನದಲ್ಲಿ ಮರುಭೂಮಿ ಬಿಟ್ಟು ಕರಾವಳಿಗೆ ಬಂದವು. 2002 ಮತ್ತು 2004ರಲ್ಲಿ ನ್ಯಾಯಾಲಯ ಈ ನೆಲದ ಮೇಲೆ ಕರಜರ್ರಿಯವರ ಹಕ್ಕನ್ನು ಎತ್ತಿಹಿಡಿಯಿತು. ಒಟ್ಟು 30 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸುಮಾರು ಮೂರರಷ್ಟು. ಒಂದು ಕಡೆ ಏಯ್ಟಿ ಮೈಲ್ ಬೀಚ್, ಇನ್ನೊಂದು ಕಡೆ ಗ್ರೇಟ್ ಸ್ಯಾಂಡಿ ಮರುಭೂಮಿ. 2014ರಲ್ಲಿ ಇದರ ದೊಡ್ಡ ಭಾಗ ಮೂಲನಿವಾಸಿಗಳೇ ನೋಡಿಕೊಳ್ಳುವ ಸಂರಕ್ಷಿತ ಪ್ರದೇಶವಾಯಿತು. ಅದನ್ನು ಕಾಯುವ ರೇಂಜರ್‌ಗಳು ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳಲ್ಲ. ಅದೇ ನೆಲದ ಮಕ್ಕಳು. ನಾನು ಅವರ ಜೊತೆ ಓಡಾಡುವ ಪರಿಸರ ವಿಜ್ಞಾನಿ, ಅಷ್ಟೇ.

ಮರುಭೂಮಿಯಲ್ಲಿ ನಮ್ಮ ಮುಖ್ಯ ಹುಡುಕಾಟ ಬಿಲ್ಬಿಗೆ. ಮೊಲದಷ್ಟು ದೊಡ್ಡ ಪ್ರಾಣಿ, ಉದ್ದ ಕಿವಿ, ಚೂಪು ಮೂತಿ, ಕಪ್ಪು ಬಾಲದ ತುದಿಗೆ ಬಿಳಿ ಕುಚ್ಚು. ಹೊಟ್ಟೆಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ, ಬಿಲ ತೋಡುವಾಗ ಮರಿಯ ಮೇಲೆ ಮಣ್ಣು ಬೀಳಬಾರದಲ್ಲ. ಒಂದು ಕಾಲಕ್ಕೆ ಆಸ್ಟ್ರೇಲಿಯಾದ ಮುಕ್ಕಾಲು ಭಾಗದ ಹತ್ತಿರ ಹತ್ತಿರ ಹರಡಿತ್ತು. ಈಗ ಅದರ ಐದನೇ ಒಂದು ಭಾಗದಲ್ಲಿ ಉಳಿದಿದ್ದರೆ ಹೆಚ್ಚು. ಇದರ ಚಿಕ್ಕ ತಂಗಿಯಂತಿದ್ದ ಇನ್ನೊಂದು ಬಿಲ್ಬಿ ಜಾತಿ ಪೂರ್ತಿ ಅಳಿದೇ ಹೋಯಿತು.

ಬಿಲ್ಬಿ ಕಣ್ಣಿಗೆ ಬೀಳುವುದು ಅಪರೂಪ, ರಾತ್ರಿ ಮಾತ್ರ ಹೊರಗೆ ಬರುತ್ತದೆ. ಅದಕ್ಕೇ ನಾವು ನೋಡೋದು ಮರಳನ್ನು. ನೂರು ಮೀಟರ್ ಅಗಲ, ಇನ್ನೂರು ಮೀಟರ್ ಉದ್ದದ ಜಾಗ ಗುರುತು ಮಾಡಿಕೊಂಡು ಅರ್ಧ ಗಂಟೆ ಅಡ್ಡಾಡುತ್ತೇವೆ. ಸಿಕ್ಕ ಹೆಜ್ಜೆ, ಹಿಕ್ಕೆ, ಬಿಲ ಎಲ್ಲವನ್ನೂ ಟ್ಯಾಬ್‌ನಲ್ಲಿ ತುಂಬಿಸುತ್ತೇವೆ. ಬೆಳಿಗ್ಗೆ ಬೇಗ ಹೋಗಬೇಕು. ಬಿಸಿಲು ಓರೆಯಾಗಿದ್ದರೆ ಹೆಜ್ಜೆಗೆ ನೆರಳು ಇರುತ್ತದೆ. ಸೂರ್ಯನ ಕಡೆ ಮುಖ ಮಾಡಿ ನಡೆಯಬೇಕು. ಹತ್ತು ಗಂಟೆಯ ಮೇಲೆ ಮರಳೆಲ್ಲ ಸಪಾಟಾಗಿ ಕಾಣುತ್ತದೆ, ಸುಮ್ನೆ ನಡೆದಾಡಿದ್ದೇ ಲಾಭ.

ಈ ಕೆಲಸ ನಾನು ಕಲಿತದ್ದು ಹಿರಿಯ ಹೆಂಗಸರಿಂದ. ಒಂದು ಕುರುಚಲು ಅಕೇಶಿಯಾ ಗಿಡದ ಬುಡದಲ್ಲಿ ಕಿರಿದಾದ ಆಳದ ಗುಂಡಿ ಇತ್ತು. ಅಜ್ಜಿಯೊಬ್ಬರು ಮಂಡಿಯೂರಿ ಕೂತು ಕೈ ಒಳಗೆ ಹಾಕಿದರು, ಬೇರು ತೋರಿಸಿದರು. ಬೇರು ಒಂದು ಕಡೆ ಸೀಳಿತ್ತು. ಒಳಗೆ ಹುಳ ಇದ್ದ ಟೊಳ್ಳು ಖಾಲಿ. ಪಕ್ಕದಲ್ಲಿ ನುಣುಪಾದ ಹಿಕ್ಕೆ. ಅದನ್ನು ಬೆರಳಲ್ಲಿ ಪುಡಿ ಮಾಡಿದರೆ ಬರೀ ಮರಳು, ನಡುವೆ ಗೆದ್ದಲಿನ ತಲೆಗಳು. ಬಿಲ್ಬಿ ತಿನ್ನುವಾಗ ಮಣ್ಣನ್ನೂ ಸೇರಿಸಿ ನುಂಗುತ್ತದೆ. ಉಡ ತೋಡಿದ ಗುಂಡಿಯಲ್ಲಿ ಇದೆಲ್ಲ ಇರೋದಿಲ್ಲ. ಹೆಜ್ಜೆ ಯಾವಾಗಿನದು ಅಂತ ಕೇಳಿದೆ. ಅವರು ಹೆಜ್ಜೆಯ ಮೇಲೆ ಹಾದು ಹೋದ ಸಣ್ಣ ಗೆರೆ ತೋರಿಸಿದರು. ಜೀರುಂಡೆ ನಡೆದ ಗೆರೆ. ಬಿಲ್ಬಿ ಹೋದ ಮೇಲೆ ಜೀರುಂಡೆ ಹೋಗಿದೆ, ಅದಾದ ಮೇಲೆ ಗಾಳಿ ಬೀಸಿಲ್ಲ. ಹಾಗಾದರೆ ನಿನ್ನೆ ರಾತ್ರಿಯದೇ. ಕ್ಯಾಮೆರಾ ತಂದು ಅಲ್ಲೇ ಕಟ್ಟಿದೆವು. ಎಲ್ಲಿ ಕಟ್ಟಬೇಕು ಅಂತ ಕಂಪ್ಯೂಟರ್ ಹೇಳಿದ ಕಡೆ ಹೋಗಿದ್ದರೆ ಹಲ್ಲಿಯ ಫೋಟೋಗಳೇ ತುಂಬಿರುತ್ತಿದ್ದವು.

ಇನ್ನು ಬೆಂಕಿ. ಹೊರಗಿನವರಿಗೆ ಅರ್ಥ ಮಾಡಿಸೋದು ಕಷ್ಟವಾಗುವ ವಿಷಯ ಇದೇ. ಮರುಭೂಮಿ ತುಂಬ ಸ್ಪಿನಿಫೆಕ್ಸ್ ಎಂಬ ಮುಳ್ಳು ಹುಲ್ಲು. ಅದರಲ್ಲಿ ಅಂಟು ಇದೆ, ಹಸಿರಾಗಿದ್ದಾಗಲೂ ಧಗ್ಗನೆ ಹೊತ್ತಿಕೊಳ್ಳುತ್ತದೆ. ಜನ ಮರುಭೂಮಿಯಲ್ಲಿ ಓಡಾಡಿಕೊಂಡಿದ್ದ ಕಾಲದಲ್ಲಿ ನಡೆದಲ್ಲೆಲ್ಲ ಚಿಕ್ಕಚಿಕ್ಕ ಬೆಂಕಿ ಹಾಕುತ್ತಿದ್ದರು. ಬೇಟೆಗೆ, ದಾರಿಗೆ, ಹೊಸ ಚಿಗುರಿಗೆ. ಪಶ್ಚಿಮದ ಮರುಭೂಮಿಗಳ 1950ರ ದಶಕದ ವಿಮಾನದ ಫೋಟೋಗಳಲ್ಲಿ ಆ ತುಂಡುತುಂಡು ಸುಟ್ಟ ನೆಲ ಇವತ್ತಿಗೂ ನೋಡಬಹುದು. ಜನ ಹೊರಟುಹೋದ ಮೇಲೆ ಹುಲ್ಲು ಬೆಳೆದು ಒಂದಕ್ಕೊಂದು ಕೂಡಿಕೊಂಡಿತು. ಬೇಸಿಗೆಯ ಸಿಡಿಲಿಗೆ ಹೊತ್ತಿದರೆ ವಾರಗಟ್ಟಲೆ ಉರಿಯುತ್ತದೆ. ಅಷ್ಟು ದೊಡ್ಡ ಬಯಲಾದ ಮೇಲೆ ಬಿಲ್ಬಿಗೆ ಅಡಗಲು ಜಾಗ ಎಲ್ಲಿ? ಸುಟ್ಟ ನೆಲದ ಕಡೆಗೆ ಕಾಡು ಸೇರಿದ ಸಾಕುಬೆಕ್ಕು ದೂರದಿಂದ ಹುಡುಕಿಕೊಂಡು ಬರುತ್ತದೆ.

ಅದಕ್ಕೇ ಈಗ ತಂಪು ತಿಂಗಳುಗಳಲ್ಲಿ ನಾವೇ ಬೆಂಕಿ ಇಡುತ್ತೇವೆ. ಮಳೆಗಾಲ ಮುಗಿದು ನೆಲದಲ್ಲಿ ಇನ್ನೂ ಪಸೆ ಇರುವಾಗ. ರಾತ್ರಿಯ ಇಬ್ಬನಿಗೆ ಬೆಂಕಿ ತಾನಾಗಿ ಆರಬೇಕು, ಆಗ ಮಾತ್ರ ಸರಿಯಾದ ಹೊತ್ತು. ರಸ್ತೆ ಇರುವಲ್ಲಿ ಡ್ರಿಪ್ ಟಾರ್ಚ್, ಅಂದರೆ ಉರಿಯುವ ಎಣ್ಣೆ ತೊಟ್ಟಿಕ್ಕಿಸುವ ಡಬ್ಬಿ, ಹಿಡಿದು ನಡೆಯುತ್ತೇವೆ. ಇಲ್ಲದ ಕಡೆ ಹೆಲಿಕಾಪ್ಟರ್. ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬಿದ ಪುಟ್ಟ ಗೋಲಿಗೆ ಯಂತ್ರ ಗ್ಲೈಕಾಲ್ ಎಂಬ ದ್ರವ ಚುಚ್ಚಿ ಕೆಳಗೆ ಬಿಡುತ್ತದೆ. ನೆಲಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ ಹೊತ್ತಿಕೊಳ್ಳುತ್ತದೆ. ಹಾರುವ ದಾರಿಯನ್ನು ಹಿಂದಿನ ದಿನ ಹಿರಿಯರ ಮುಂದೆ ನಕ್ಷೆ ಹರಡಿ ಗೊತ್ತು ಮಾಡುತ್ತೇವೆ. ನಾನು ಉಪಗ್ರಹದ ಚಿತ್ರದಲ್ಲಿ ಹಳೆಯ ಬೆಂಕಿಯ ಗುರುತು ತೋರಿಸುತ್ತೇನೆ. ಅವರು ಅದರ ಮೇಲೆ ಬೆರಳಿಟ್ಟು, ಇಲ್ಲಿ ಬೇಡ, ಇಲ್ಲಿ ನೀರಿನ ಜಾಗ ಇದೆ, ಈ ಗುಡ್ಡದ ಆಚೆ ಬಿಡು ಅನ್ನುತ್ತಾರೆ. ಕೆಲವು ಕಡೆ ಯಾಕೆ ಬೇಡ ಅಂತ ಹೇಳೋದಿಲ್ಲ. ನಾನು ಕೇಳೋದೂ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜನವರಿ, ಫೆಬ್ರವರಿ ಹೊತ್ತಿಗೆ ಹಾಕುತ್ತಿದ್ದ ತರಗು ಬೆಂಕಿಯ ಬಗ್ಗೆ ಗೊತ್ತಿದ್ದವರಿಗೆ ಇದೆಲ್ಲ ಹೊಸದೇನಲ್ಲ. ಅಲ್ಲಿ 1974ರಲ್ಲಿ ಅಭಯಾರಣ್ಯ ಆದ ಮೇಲೆ ಆ ಬೆಂಕಿ ನಿಂತಿತು. ಲಂಟಾನಾ ಎಂಬ ಕಳೆ ಗಿಡ ಕಾಡನ್ನೆಲ್ಲ ತುಂಬಿದ್ದು ಅದರಿಂದಲೇ ಅಂತ ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕರಜರ್ರಿ ನೆಲದಲ್ಲಿ ಬೆಂಕಿಪೊಟ್ಟಣ ಮತ್ತೆ ನೆಲದವರ ಕೈಗೇ ಬಂತು. ನಮ್ಮಲ್ಲಿ ಇನ್ನೂ ಬಂದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಒಂಟೆಗಳ ಕಾಟ ಬೇರೆ. ಮರುಭೂಮಿಯ ನೀರಿನ ಹೊಂಡಗಳನ್ನು ಕಾಡು ಒಂಟೆಗಳು ತುಳಿದು ಕೆಸರು ಮಾಡುತ್ತವೆ, ಕೆಲವೊಮ್ಮೆ ಅಲ್ಲೇ ಬಿದ್ದು ಸಾಯುತ್ತವೆ. ಇವುಗಳ ಪೂರ್ವಿಕರನ್ನು 19ನೇ ಶತಮಾನದಲ್ಲಿ ಸಾಮಾನು ಹೊರಲು ತಂದದ್ದು ಬಹುಪಾಲು ಅಂದಿನ ಬ್ರಿಟಿಷ್ ಇಂಡಿಯಾದಿಂದ. ಬೇಲಿ ಹಾಕಲು ಹೋದಾಗಲೆಲ್ಲ ರೇಂಜರ್‌ಗಳು ನನ್ನ ಕಡೆ ನೋಡಿ ನಿಮ್ಮ ನೆಂಟರು ಬಂದಿದ್ದಾರೆ ಅಂತ ನಗುತ್ತಾರೆ.

ಅಕ್ಟೋಬರ್‌ ಹೊತ್ತಿಗೆ ಕೆಲಸ ಕರಾವಳಿಗೆ ಬರುತ್ತದೆ. ಏಯ್ಟಿ ಮೈಲ್ ಬೀಚ್ ಹೆಸರಿಗೆ ಎಂಬತ್ತು ಮೈಲಿ, ನಿಜಕ್ಕೂ ಸುಮಾರು 220 ಕಿಲೋಮೀಟರ್. ಸೈಬೀರಿಯಾದಿಂದ ಹಾರಿ ಬರುವ ಗಾಡ್‌ವಿಟ್‌ಗಳು ಇಲ್ಲಿ ಲಕ್ಷಗಟ್ಟಲೆ ಹಕ್ಕಿಗಳ ನಡುವೆ ಮೇಯುತ್ತವೆ. 2004ರ ಫೆಬ್ರವರಿಯಲ್ಲಿ ಪ್ರಾಟಿನ್‌ಕೋಲ್ ಎಂಬ ಹಕ್ಕಿಗಳೇ 28 ಲಕ್ಷಕ್ಕೂ ಜಾಸ್ತಿ ಎಣಿಕೆಯಾಗಿದ್ದವು. ಹಕ್ಕಿ ನನ್ನ ವಿಷಯ ಅಲ್ಲ, ಅದನ್ನು ಬಲ್ಲವರಿಗೆ ಬಿಡುತ್ತೇನೆ. ನನ್ನದು ಫ್ಲ್ಯಾಟ್‌ಬ್ಯಾಕ್ ಕಡಲಾಮೆ. ಇದು ಮೊಟ್ಟೆ ಇಡೋದು ಆಸ್ಟ್ರೇಲಿಯಾದಲ್ಲಿ ಮಾತ್ರ. ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿಗೆ ಬರುವ ಆಲಿವ್ ರಿಡ್ಲಿ ಒಂದು ಗೂಡಿಗೆ ನೂರರ ಮೇಲೆ ಮೊಟ್ಟೆ ಇಟ್ಟರೆ, ಇದು ಸುಮಾರು ಐವತ್ತು. ಆದರೆ ಮೊಟ್ಟೆ ದೊಡ್ಡದು, ಮರಿಯೂ ದೊಡ್ಡದು.

ಬೆಳಗಿನ ಜಾವ ಕ್ವಾಡ್‌ಬೈಕ್‌ನಲ್ಲಿ ಹೋಗಿ ರಾತ್ರಿಯ ಹೆಜ್ಜೆ ಎಣಿಸುತ್ತೇವೆ. ಆಮೆ ಹತ್ತಿದ ಗೆರೆ, ಇಳಿದ ಗೆರೆ ಎರಡನ್ನೂ ನೋಡಬೇಕು. ಬರೀ ತಿರುಗಿ ಹೋಗಿದೆಯಾ, ಮೊಟ್ಟೆ ಇಟ್ಟಿದೆಯಾ? ಇಟ್ಟಿದ್ದರೆ ಹತ್ತಿ ಬಂದ ಗೆರೆಯ ಮೇಲೆ ಹಿಂದಕ್ಕೆ ಎರಚಿದ ಮರಳು ಬಿದ್ದಿರುತ್ತದೆ, ಪಕ್ಕದಲ್ಲಿ ಕಲಸಿದಂಥ ದಿಬ್ಬ ಇರುತ್ತದೆ. ಆ ದಿಬ್ಬದ ಮೇಲೆ ನರಿಯ ಉಗುರಿನ ಗುರುತಿದ್ದರೆ ಗೂಡು ಹೋಯಿತು ಅಂತಲೇ ಲೆಕ್ಕ. ಇಲ್ಲಿ ಭರತ ಇಳಿತದ ನಡುವೆ ಒಂಬತ್ತು ಮೀಟರಿನಷ್ಟು ವ್ಯತ್ಯಾಸ. ವೇಳಾಪಟ್ಟಿ ನೋಡದೆ ಇಳಿದರೆ ವಾಪಸ್ ಬರಲು ಮರಳೇ ಇರೋದಿಲ್ಲ. ಪ್ರವಾಸಿಗರ ಕಾರುಗಳ ಚಕ್ರದ ಗುಂಡಿಯೂ ದೊಡ್ಡ ತಲೆನೋವು. ಬೆರಳುದ್ದದ ಮರಿ ಅದರೊಳಗೆ ಬಿದ್ದರೆ ಸಮುದ್ರ ಸಿಗದೆ ಗುಂಡಿಯುದ್ದಕ್ಕೂ ಹೋಗುತ್ತಲೇ ಇರುತ್ತದೆ.

ಊರಿಗೆ ಹೋದಾಗ ನೆಂಟರು ಕೇಳುವ ಪ್ರಶ್ನೆ ಒಂದೇ: ಅವರು ಆಮೆ ತಿನ್ನುತ್ತಾರಂತಲ್ಲ? ಹೌದು, ತಿನ್ನುತ್ತಾರೆ. ಮೂಲನಿವಾಸಿಗಳ ನೆಲದ ಹಕ್ಕಿಗೆ ಸಂಬಂಧಿಸಿದ 1993ರ ನೇಟಿವ್ ಟೈಟಲ್ ಕಾಯ್ದೆ ಅವರ ಮನೆ ಬಳಕೆಯ ಬೇಟೆಯ ಹಕ್ಕನ್ನು ಉಳಿಸಿದೆ. ಹೆಚ್ಚಾಗಿ ಹಿಡಿಯೋದು ಗ್ರೀನ್ ಆಮೆಯನ್ನು. ನಾನು ತರಕಾರಿ ತಿನ್ನುವವನು, ನನ್ನ ತಟ್ಟೆಗೆ ಯಾರೂ ಬಲವಂತ ಮಾಡಿಲ್ಲ. ಬೆಳಿಗ್ಗೆ ನನ್ನ ಜೊತೆ ನಾಲ್ಕು ಗಂಟೆ ಗೂಡು ಕಾದವರು ಭಾನುವಾರ ಆಮೆ ಬೇಯಿಸಿದರೆ ಅದರಲ್ಲಿ ನನಗೆ ಗೊಂದಲವೇನೂ ಕಾಣೋದಿಲ್ಲ. ಆಮೆ ಇಲ್ಲವಾದರೆ ಮೊದಲು ನಷ್ಟವಾಗೋದು ಅವರಿಗೇ.

ಕೆಲಸ ನಿಲ್ಲುವ ದಿನಗಳೂ ಇವೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಸಾರಿ ಬಿಸಿನೆಸ್, ಅಂದರೆ ಸೂತಕದ ಕಾಲ. ಹೆಲಿಕಾಪ್ಟರ್ ಬುಕ್ ಆಗಿದ್ದರೂ ಹೋಗೋದಿಲ್ಲ. ತೀರಿಕೊಂಡವರ ಹೆಸರು ಹೇಳಬಾರದು, ಅವರ ಫೋಟೋ ವರದಿಯಲ್ಲಿದ್ದರೆ ತೆಗೆಯಬೇಕು. ಹಣ ಕೊಡುವವರಿಗೆ ಇದನ್ನು ಮೊದಲೇ ಬರೆದು ತಿಳಿಸುತ್ತೇನೆ, ವರ್ಷದ ಯೋಜನೆಯಲ್ಲಿ ಖಾಲಿ ವಾರಗಳನ್ನು ಇಟ್ಟುಕೊಳ್ಳುತ್ತೇನೆ. ಇಂಥ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳೋದೂ ಇದನ್ನೇ, ಕ್ಯಾಮೆರಾ ಸೆಟ್ಟಿಂಗ್ ಆಮೇಲೆ.

ಸದ್ಯಕ್ಕೆ ನಮ್ಮ ಕೈಗೆ ಸಿಗದೆ ಇರೋದು ಎರಡು. ಮೊದಲನೆಯದು ಆ ಬೆಕ್ಕು. ವಿಷದ ತುಣುಕು ಹಾಕಬಹುದು, ಆದರೆ ಊರಿನ ನಾಯಿಗಳು ಬೇಟೆಗೆ ಜೊತೆ ಬರುವ ಕಡೆ ಅದನ್ನು ಹೇಗೆ ಹಾಕೋದು? ಪೂರ್ವಕ್ಕಿರುವ ಕಿವಿರ್ಕುರದಲ್ಲಿ ಪಿಂಟುಪಿ ಎಂಬ ಮೂಲನಿವಾಸಿ ಜನರ ಹೆಂಗಸರು ಹೆಜ್ಜೆ ಹಿಡಿದು ಹೋಗಿ ಬೆಕ್ಕು ಬೇಟೆಯಾಡುತ್ತಾರೆ. ಅದನ್ನು ಇಲ್ಲಿ ಮಾಡಬೇಕಾ ಅನ್ನೋ ಮಾತು ನಡೆದಿದೆ. ಇನ್ನೊಂದು ಮರಳಿನ ಬಿಸಿ. ಗೂಡು ಬಿಸಿಯಾದಷ್ಟೂ ಹೆಣ್ಣು ಮರಿಗಳೇ ಹುಟ್ಟುತ್ತವೆ, ತೀರಾ ಬಿಸಿಯಾದರೆ ಮೊಟ್ಟೆ ಬೇಯುತ್ತದೆ. ಗೂಡುಗಳ ಪಕ್ಕ ಹೂಳಲು ಉಷ್ಣತೆ ಅಳೆಯುವ ಲಾಗರ್‌ಗಳು ಬೇಕು. ಹಳೆಯವುಗಳಲ್ಲಿ ಅರ್ಧ ಉಪ್ಪು ಹಿಡಿದು ಕೆಟ್ಟಿವೆ, ಹೊಸದಕ್ಕೆ ಅರ್ಜಿ ಹಾಕಿದ್ದೇವೆ.