ಗುಡುಗಿಗೆ ಅಂಜುವ ಮಗು: ಮಿರಗದ (ಮೃಗಶಿರಾ) ಮಳೆ ಕೂಡುವ ಮೊದಲೇ ಕಲಿಸಿ

ಏಪ್ರಿಲ್–ಮೇ ಸಂಜೆ ಕಲಬುರಗಿ, ಯಾದಗಿರಿ ಕಡೆ ದಿನವಿಡೀ ಕಾದ ನೆಲದ ಮೇಲೆ ಒಮ್ಮೆಲೇ ಮೋಡ ಕಟ್ಟುತ್ತದೆ; ಗಾಳಿ, ಗುಡುಗು, ಹಿಂದೆಯೇ ಕರೆಂಟ್ ಬಂದ್. ಮೂರರಿಂದ ಆರು ವರ್ಷದ ಮಗು ಆಗ ಚೀರಿದರೆ ತೊಡೆ ಮೇಲೆ ಕೂರಿಸಿಕೊಳ್ಳಿ, ಅಷ್ಟೇ. ಆ ಹೊತ್ತಿನಲ್ಲಿ ಹೇಳಿಕೊಟ್ಟದ್ದು ತಲೆಗೆ ಹತ್ತುವುದಿಲ್ಲ. ಕಲಿಸುವುದೇನಿದ್ದರೂ ಆಕಾಶ ತಿಳಿಯಾಗಿರುವಾಗ.

ಮೊದಲು ಉಸಿರು. ಅಂಗೈ ಮೇಲೆ ಬಿಸಿ ರೊಟ್ಟಿ ಇದೆ ಎಂದುಕೊಂಡು ಮೂರು ಎಣಿಸುವವರೆಗೆ ಮೂಗಿನಿಂದ ವಾಸನೆ ಎಳೆಯಬೇಕು, ತುಟಿ ಸಣ್ಣದು ಮಾಡಿ ಐದು ಎಣಿಸುವವರೆಗೆ ಮೆಲ್ಲಗೆ ಊದಬೇಕು. ನಾಲ್ಕೈದು ಸಲ ಸಾಕು. ಒಲೆ ಊದಿದಂತೆ ಜೋರಾಗಿ ಊದಿದರೆ ತಲೆ ತಿರುಗಿ ಅಂಜಿಕೆ ಹೆಚ್ಚಾಗುತ್ತದೆ.

ಆಮೇಲೆ ಸದ್ದು. ಮೊಬೈಲಿನಲ್ಲಿ ಗುಡುಗಿನ ರೆಕಾರ್ಡಿಂಗ್ ತೀರ ಸಣ್ಣಗೆ ಹಚ್ಚಿ, ದಿನಕ್ಕೆ ಎರಡು-ಮೂರು ನಿಮಿಷ. ವಾಲ್ಯೂಮ್ ಗುಂಡಿ ಮಗುವಿನ ಕೈಯಲ್ಲೇ ಇರಲಿ. "ಎಷ್ಟು ಅಂಜಿಕಿ ಆಗ್ಯಾದ, ಬೆರಳು ತೋರ್ಸು" ಅನ್ನಿ. ಐದರಲ್ಲಿ ಒಂದೇ ಬೆರಳು ಎದ್ದ ದಿನ ಒಂದು ಹಂತ ಏರಿಸಿ. ನಾಲ್ಕು ಎದ್ದರೆ ಒಂದು ಹಂತ ಇಳಿಸಿ, ಬೆರಳುಗಳು ಮಡಚುವವರೆಗೆ ಅಲ್ಲೇ ನಿಲ್ಲಿ. ಪೂರ್ತಿ ಬಂದ್ ಮಾಡಿಬಿಟ್ಟರೆ ಓಡಿದರಷ್ಟೇ ಅಂಜಿಕೆ ಹೋಗುತ್ತದೆಂದು ಮಗು ಕಲಿಯುತ್ತದೆ. ಇಲ್ಲಿ ಕೆಡಿಸುವುದು ದೊಡ್ಡವರ ಅವಸರ: ಎರಡು ದಿನ ಸುಮ್ಮನಿತ್ತೆಂದು ಮೂರನೇ ದಿನ ಸ್ಪೀಕರ್ ಹಚ್ಚುತ್ತಾರೆ.

ನಿಜವಾದ ಮಳೆ ಬಂದಾಗ ಎಣಿಕೆ. ಒಳಗೆ ಕುಳಿತು, ಮಿಂಚು ಕಂಡೊಡನೆ ಶುರುಮಾಡಿ ಗುಡುಗು ಕೇಳುವವರೆಗೆ "ಒಂದು ರೊಟ್ಟಿ, ಎರಡು ರೊಟ್ಟಿ…" ಎನ್ನಿಸಿ. ಒಂದೊಂದಕ್ಕೆ ಸುಮಾರು ಒಂದು ಸೆಕೆಂಡು. ಸದ್ದು ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು, ಅಂದರೆ ಮಿಂಚು ಮೂರು ರೊಟ್ಟಿಗೊಂದು ಕಿಲೋಮೀಟರ್ ದೂರ. ಕರೆಂಟ್ ಹೋದಾಗ ಹುಡುಕಾಡದಂತೆ ಒಂದು ಬ್ಯಾಟರಿಯನ್ನು ಮಗುವಿನ ಕೈಗೆಟಕುವ ಗೂಡಿನಲ್ಲೇ ಇಡಿ.

"ಏನೂ ಆಗಲ್ಲ" ಎಂದು ಮಾತ್ರ ಹೇಳಬೇಡಿ. ಸಿಡಿಲು ಬಡಿದು ಹೊಲದಲ್ಲಿ ಮಂದಿ, ದನ ಸತ್ತ ಸುದ್ದಿ ಮಗುವಿನ ಕಿವಿಗೂ ಬೀಳುತ್ತದೆ. ನಿಮ್ಮ ಮಾತು ಸುಳ್ಳೆಂದು ತಿಳಿದ ಮೇಲೆ ಮುಂದಿನದನ್ನೂ ನಂಬುವುದಿಲ್ಲ. ಬದಲಿಗೆ ನಿಯಮ ಕೊಡಿ: "ಗುಡುಗು ಕೇಳ್ತಂದ್ರ ಮನಿ ಒಳಗ. ಮಾಳಗಿ ಮ್ಯಾಲ ಇಲ್ಲ, ಗಿಡದ ಬುಡಕ ಇಲ್ಲ." ಕೊನೆಯ ಗುಡುಗಿನ ನಂತರವೂ 30 ನಿಮಿಷ ಒಳಗೇ. ಗುಮ್ಮನನ್ನು ಕರೆದು ಊಟ ಮಾಡಿಸುವ ಮುತ್ಯಾ, ಆಯಿಗೂ ಗುಮ್ಮನಿಗೆ ರಜೆ ಕೊಡಲು ಹೇಳಿ.

ಮೋಡವಿಲ್ಲದ ದಿನವೂ ಮಗು ಹೊರಗೆ ಬರಲೊಲ್ಲದೆ, ನಿದ್ದೆ ಕೆಟ್ಟು, ತಿಂಗಳುಗಟ್ಟಲೆ ಹಾಗೇ ಉಳಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡು ಬೀಳುವುದಿಲ್ಲ.