ಹರಿಕೇನ್ ಜಾಸ್ತಿ ಬಂದರೆ ಸ್ನೋ ಕೂಡ ಜಾಸ್ತಿನಾ?

ನ್ಯೂಜೆರ್ಸಿಗೆ ಹೊಸಬರಾ? ಹಾಗಾದರೆ ಅಕ್ಟೋಬರ್ ಹೊತ್ತಿಗೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ: "ಈ ಸಲ ಹರಿಕೇನ್ ಜಾಸ್ತಿ ಇತ್ತಲ್ಲ, ನೋಡ್ತಿರಿ, ಸ್ನೋ ಕೂಡ ಹಾಗೇ ಸುರಿಯುತ್ತೆ." ನಾನೂ ನಂಬಿದ್ದೆ.

ಲೆಕ್ಕ ನೋಡಿ. ಅಟ್ಲಾಂಟಿಕ್‌ನಲ್ಲಿ 2010ರಲ್ಲಿ ಹರಿಕೇನ್, ಅದಕ್ಕಿಂತ ಸಣ್ಣವು ಎಲ್ಲಾ ಸೇರಿ 19 ಚಂಡಮಾರುತ ಎದ್ದವು. 2011ರಲ್ಲೂ 19. 2012ರಲ್ಲೂ 19! ಮೊದಲನೇ ಚಳಿಗಾಲದಲ್ಲಿ ನಮ್ಮ ಪಕ್ಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 62 ಇಂಚು ಸ್ನೋ ಬಿತ್ತು. ಮರುವರ್ಷ 7 ಇಂಚು ಚಿಲ್ಲರೆ. ಅದರ ಮರುವರ್ಷ 26.

ಆ 7 ಇಂಚಿನಲ್ಲೂ ಸುಮಾರು 3 ಇಂಚು ಬಿದ್ದದ್ದು ಅಕ್ಟೋಬರ್ 29ರ ಒಂದೇ ದಿನ. ಮರಗಳ ಎಲೆ ಇನ್ನೂ ಉದುರಿರಲಿಲ್ಲ. ಒದ್ದೆ ಹಿಮ ಎಲೆಗಳ ಮೇಲೆ ಕೂತು, ಭಾರಕ್ಕೆ ಕೊಂಬೆಗಳು ಲಟಲಟ ಮುರಿದವು. ಕರೆಂಟ್ ಹೋಯಿತು. ದೀಪಾವಳಿಯ ಹಣತೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ, ಅವೇ ಕೆಲಸಕ್ಕೆ ಬಂದವು. ಒಲೆಯೂ ಕರೆಂಟಿನದೇ, ದೋಸೆ ಹಿಟ್ಟು ಹಾಗೇ ಉಳಿಯಿತು.

ಹಾಗಂತ ನಂಟೇ ಇಲ್ಲ ಎನ್ನಲಾಗದು. ಊರಲ್ಲಿ ಮುಂಗಾರು ಕೈಕೊಟ್ಟಾಗ ಪೇಪರ್‌ನಲ್ಲಿ ಎಲ್ ನಿನೋ ಅಂತ ಓದುತ್ತಿದ್ದೆವಲ್ಲ, ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬೆಚ್ಚಗಾಗುವುದು, ಅದರ ಕೈ ಇಲ್ಲಿಗೂ ಚಾಚುತ್ತದೆ. ಎಲ್ ನಿನೋ ಇದ್ದರೆ ಅಟ್ಲಾಂಟಿಕ್‌ನ ಮೇಲೆ ಕೆಳಗಿನ ಗಾಳಿ ಒಂದು ಕಡೆ, ಎತ್ತರದ ಗಾಳಿ ಇನ್ನೊಂದು ಕಡೆ ಎಳೆದು ಚಂಡಮಾರುತವನ್ನು ಹರಿದುಹಾಕುತ್ತವೆ. ಅದಕ್ಕೆ ತದ್ವಿರುದ್ಧ ಲಾ ನಿನಾ, ಅಂದರೆ ಅದೇ ನೀರು ತಣ್ಣಗಾಗುವ ವರ್ಷ ಈ ಎಳೆದಾಟ ಕಡಿಮೆ, ಹಾಗಾಗಿ ಹರಿಕೇನ್ ಜಾಸ್ತಿ. ಅದೇ ಲಾ ನಿನಾ ಚಳಿಗಾಲಕ್ಕೂ ಉಳಿದರೆ ಅಮೆರಿಕದ ದಕ್ಷಿಣ ಭಾಗ ಸಾಮಾನ್ಯವಾಗಿ ಬೆಚ್ಚಗೆ, ಒಣಗಿ ಇರುತ್ತದೆ. ಅಂದರೆ ಡಲ್ಲಾಸ್‌ನಲ್ಲಿರುವ ನಿಮ್ಮ ಗೆಳೆಯರಿಗೆ ಒಂದಿಷ್ಟು ಸುಳಿವು ಸಿಗಬಹುದು. ನಮಗೆ ಕಷ್ಟ. 62 ಇಂಚು, 7 ಇಂಚು, ಎರಡೂ ಲಾ ನಿನಾ ಚಳಿಗಾಲಗಳೇ! ಇಲ್ಲಿನ ಸ್ನೋ ಉತ್ತರ ಧ್ರುವದ ತಣ್ಣನೆ ಗಾಳಿ ಯಾವಾಗ ಕೆಳಗಿಳಿಯುತ್ತದೆ, ಬಿರುಗಾಳಿ ಕರಾವಳಿಗೆ ಎಷ್ಟು ಹತ್ತಿರ ಹಾಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದು ಒಂದೆರಡು ವಾರ ಮೊದಲಷ್ಟೇ ಗೊತ್ತಾಗುವುದು.

ಅದಕ್ಕೇ ಹರಿಕೇನ್ ಎಣಿಸುತ್ತಾ ಕೂರಬೇಡಿ. ಸಲಿಕೆ, ಹಿಮ ಕರಗಿಸುವ ಉಪ್ಪು ಅಕ್ಟೋಬರ್ ಮಧ್ಯಕ್ಕೇ ತಂದಿಡಿ. ಮೊದಲ ಸ್ನೋ ಸುದ್ದಿ ಬಂದ ಸಂಜೆ ಅಂಗಡಿಯಲ್ಲಿ ಬರೀ ಖಾಲಿ ಕಪಾಟು. ಕಾರಿನ ಗಾಜು ತೊಳೆಯುವ ವಾಷರ್ ಫ್ಲೂಯಿಡ್ ಚಳಿಗಾಲದ್ದೇ ಹಾಕಿಸಿ. ನಾನು ಬೇಸಿಗೆಯದನ್ನೇ ಬಿಟ್ಟಿದ್ದೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಮುಂದಿನ ಲಾರಿ ಉಪ್ಪುನೀರು ಎರಚಿದಾಗ ಗುಂಡಿ ಒತ್ತಿದರೆ ಒಂದು ಹನಿಯೂ ಇಲ್ಲ, ಎಲ್ಲಾ ಹೆಪ್ಪುಗಟ್ಟಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಎಕ್ಸಿಟ್ ಹುಡುಕಿದೆ.